ವಲಸೆ, ವಸಂತ ಮತ್ತು 'ಗೊಟ್ಟಿ': ದಕ್ಷಿಣ ಬೆಂಗಳೂರಿನ ವನಭೋಜನಗಳನ್ನು ಕುರಿತು

ವಲಸೆ ಹೋದವರ ಬದುಕನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗಳಲ್ಲಿ 'ತವರಿನ ಹಂಬಲ' ಎಂಬ ಪರಿಕಲ್ಪನೆಗೆ ದೊರೆತಿರುವ ಪ್ರಾಮುಖ್ಯ ದೊಡ್ಡದು. ಊರು ಬಿಟ್ಟವನು ಊರನ್ನು ನೆನೆಯುತ್ತಾನೆ, ಆ ನೆನಪೇ ಅವನ ಹಾಡು, ಹಬ್ಬ, ಊಟಗಳಲ್ಲಿ ವ್ಯಕ್ತವಾಗುತ್ತದೆ ಎಂಬುದು ಅವುಗಳ ತಿರುಳು. ಈ ನಿಲುವಿನಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೆ ಪರಸ್ಥಳದಲ್ಲಿ ನೆಲೆಸಿದವರು ರಜಾದಿನದಲ್ಲಿ ಬುತ್ತಿ ಕಟ್ಟಿಕೊಂಡು, ಗೆಳೆಯರೊಡನೆ ಮರದ ನೆರಳಿಗೆ ಹೋಗಿ ಉಂಡು ಬರುವ ಕ್ರಿಯೆ ಹಂಬಲವೊಂದರಿಂದಲೇ ಅರ್ಥವಾಗುವುದಿಲ್ಲ. ಕಳೆದುಹೋದುದರ ಸ್ಮರಣೆಯ ಜೊತೆಗೆ, ಅದಕ್ಕಿಂತ ಹೆಚ್ಚಾಗಿ, ಮೊದಲು ಇಲ್ಲದಿದ್ದ ಬಳಗವೊಂದರ ನಿರ್ಮಾಣ ಅಲ್ಲಿ ನಡೆಯುತ್ತಿರುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳನ್ನೊಳಗೊಂಡ ದಕ್ಷಿಣ ಬೆಂಗಳೂರನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದಾಗಿದೆ.

ಪರಿಶೀಲನೆಯನ್ನು ಪಂಪನಿಂದ ತೊಡಗುವುದು ಸೂಕ್ತ. ಕ್ರಿ.ಶ. 941ರ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ ಬರುವ ಬನವಾಸಿಯ ವರ್ಣನೆ ಕನ್ನಡ ಅಧ್ಯಾಪಕರಿಗೆಲ್ಲ ಕಂಠಸ್ಥವಾದುದು. ಮಾತು ಅರ್ಜುನನದಾದರೂ ಅಲ್ಲಿ ಕೇಳಿಸುವುದು ಕವಿಯ ದನಿಯೆಂದು ವಿದ್ವಾಂಸರು ಬಹುಕಾಲದಿಂದ ಒಪ್ಪಿದ್ದಾರೆ. ಆ ಕವಿಯಾದರೋ ಇಂದಿನ ತೆಲಂಗಾಣಕ್ಕೆ ಸೇರಿದ ವೇಮುಲವಾಡದಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದವನು. ಪರಸ್ಥಳದಲ್ಲಿ ಕುಳಿತು ಬರೆದ ಈ ಪದ್ಯಗಳನ್ನು ನಾಡಪ್ರೇಮದ ಉದ್ಘೋಷವಾಗಿ ಓದುವುದು ವಾಡಿಕೆ. ಆದರೆ ಅಲ್ಲಿ ನೆನಪನ್ನು ಕೆರಳಿಸುವ ಸಂಗತಿಗಳು ಯಾವುವು? ತೆಂಕಣ ಗಾಳಿಯ ಸ್ಪರ್ಶ, ಕಿವಿಗೆ ಬಿದ್ದ ಇಂಪಾದ ಹಾಡು, ಬಿರಿದ ಮಲ್ಲಿಗೆ, ವಸಂತದ ಉತ್ಸವ. ಕೋಟೆಕೊತ್ತಲಗಳ ಸುದ್ದಿಯೇ ಅಲ್ಲಿಲ್ಲ. ಆ ನಾಡಿನ ಮನುಷ್ಯರನ್ನು ಮೆಚ್ಚುವಾಗಲೂ ಕವಿ ಹೆಸರಿಸುವುದು ಅವರ ಔದಾರ್ಯ, ಭೋಗ, ವಿದ್ಯೆ, ಗಾನಗಳನ್ನು. ಅವುಗಳ ಜೊತೆಗೆ 'ಗೊಟ್ಟಿ'ಯನ್ನು.

'ಗೊಟ್ಟಿ' ಎಂಬುದು 'ಗೋಷ್ಠಿ'ಯ ತದ್ಭವ. ಇಂದು ಗೋಷ್ಠಿಯೆಂದರೆ ವೇದಿಕೆ, ಅಧ್ಯಕ್ಷರು, ಪ್ರಬಂಧ ಮಂಡನೆ, ಕೊನೆಗೆ ವಂದನಾರ್ಪಣೆ. ಹಳಗನ್ನಡ ಕಾವ್ಯಗಳಲ್ಲಿ ಅದು ಸಮಾನಮನಸ್ಕರು ಕೂಡಿ ಸುಖಿಸುವ ಕೂಟ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯ ಬಳಗದಲ್ಲಿಯೇ ವನವಿಹಾರ, ಜಲಕ್ರೀಡೆ, ಪಾನಗೋಷ್ಠಿಗಳೂ ಸೇರಿರುವುದನ್ನು ಗಮನಿಸಬೇಕು. ಪಂಪನ ಬನವಾಸಿಯನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅವನು ಕಳೆದುಕೊಂಡದ್ದು ನೆಲವನ್ನಷ್ಟೇ ಎಂದೆನಿಸುವುದಿಲ್ಲ. ಆ ನೆಲದ ಮೇಲೆ ತನ್ನೊಡನೆ ಕೂಡುತ್ತಿದ್ದವರನ್ನೂ ಅವನು ಕಳೆದುಕೊಂಡಿದ್ದ. ನೆಲವನ್ನು ಹೊತ್ತೊಯ್ಯಲಾಗದು. ಕೂಟವನ್ನು ಮಾತ್ರ ಹೋದಲ್ಲಿ ಮತ್ತೆ ಕಟ್ಟಲು ಸಾಧ್ಯ.

ದಕ್ಷಿಣ ಬೆಂಗಳೂರಿನ ವಸಂತವೇ ವಲಸೆಯ ಸೃಷ್ಟಿ ಎಂಬುದು ಇಲ್ಲಿ ಪ್ರಾಸಂಗಿಕ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಉದ್ಯಾನತಜ್ಞ ಜಿ.ಎಚ್. ಕ್ರುಂಬಿಗಲ್ ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಯೋಜಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಾದ್ಯಂತ ಲಕ್ಷಾಂತರ ಸಸಿಗಳು ಬೇರೂರಿದವು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಬೀದಿಗಳಲ್ಲಿ ಯುಗಾದಿಯ ಆಸುಪಾಸಿನಲ್ಲಿ ಹೊಂಗೆಯೊಡನೆ ಅಮೆರಿಕ ಖಂಡಗಳ ಟಬೆಬೂಯಾ, ಜಕರಂಡಾಗಳೂ, ತುಸು ತಡವಾಗಿ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಕೂಡ ಹೂ ತಳೆಯುತ್ತವೆ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಹಳ್ಳಿಗಳು ಅಡಗಿವೆ ಎಂಬುದು ಅಲ್ಲಿ ವಾಸಿಸುವ ಅನೇಕರಿಗೆ ತಿಳಿದಿರಲಾರದು.

ಹಳೆಯ ಮೈಸೂರು ಪ್ರಾಂತದಲ್ಲಿ ವನಭೋಜನವೆಂದರೆ ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದ ಅಡಿಯಲ್ಲಿ ನಡೆಯುವ ವಿಧಿ. ಮನೆಯ ಒಲೆಯನ್ನು ಒಂದು ದಿನದ ಮಟ್ಟಿಗೆ ತೋಪಿಗೆ ಸಾಗಿಸುವ ಈ ಆಚರಣೆ ಪಂಕ್ತಿಯ ಶಿಸ್ತನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಿರಲಿಲ್ಲ. ಯಾರು ಬಡಿಸಬೇಕು, ಯಾರ ಪಕ್ಕದಲ್ಲಿ ಯಾರು ಕೂರಬೇಕು ಎಂಬುದು ಮರದ ಕೆಳಗೂ ನಿರ್ಧಾರವಾಗಿರುತ್ತಿತ್ತು. ಇಂದಿಗೂ ಜಾತಿ ಸಂಘಗಳು ಏರ್ಪಡಿಸುವ ಕಾರ್ತಿಕ ವನಭೋಜನಗಳಲ್ಲಿ 'ವನ' ಬದಲಾಗಿದೆಯೇ ಹೊರತು 'ಬಳಗ'ದ ವ್ಯಾಖ್ಯೆ ಅಷ್ಟಾಗಿ ಬದಲಾಗಿಲ್ಲ.

ಉತ್ತರ ಕರ್ನಾಟಕದ ಸಂಪ್ರದಾಯದ ನೆಲೆ ಇದಕ್ಕಿಂತ ಭಿನ್ನ. ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುವ ಪದ್ಧತಿ ದುಡಿಮೆಯೊಡನೆ ಬೆಸೆದುಕೊಂಡಿದೆ. ಚಳಿಗಾಲ ಹಿಂದೆ ಸರಿಯುವ ಹೊತ್ತಿಗೆ ಹಿಂಗಾರಿ ಜೋಳದ ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಶೇಂಗಾ ಚಟ್ನಿ ಬೆಲ್ಲಗಳೊಡನೆ ತಿನ್ನುವ 'ಸೀತನಿ'ಗಂತೂ ಗೆಳೆಯರನ್ನು, ಪರಿಚಿತರನ್ನು ಹೊಲಕ್ಕೆ ಕರೆಯುವುದೇ ಸಂಭ್ರಮ. ಸೀತನಿ ಬೆಂಗಳೂರಿಗೆ ಬರಲಾರದು. ತೆನೆ ಒಣಗಿದರೆ ಅದು ಬರಿಯ ಜೋಳ. ಕಡಕ್ ರೊಟ್ಟಿ ಬರಬಲ್ಲದು. ವಾರಗಟ್ಟಲೆ ಕೆಡದೆ ಉಳಿಯುವ ಈ ರೊಟ್ಟಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆಗಳು ವಿಜಯಪುರ, ಬಾಗಲಕೋಟೆ, ಕಲಬುರಗಿಗಳಿಂದ ರಾತ್ರಿ ಬಸ್ಸುಗಳಲ್ಲಿ ರಟ್ಟಿನ ಡಬ್ಬಿಗಳಾಗಿ ಬಂದಿಳಿಯುತ್ತವೆ.

ಈ ಡಬ್ಬಿಯನ್ನು ಬಿಚ್ಚುವುದು ಎಲ್ಲಿ ಎಂಬ ಪ್ರಶ್ನೆಯಲ್ಲಿ ವಲಸೆಯ ಸ್ವರೂಪ ಸ್ಪಷ್ಟವಾಗುತ್ತದೆ. ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ ಮಂಚವೊಂದರ ಬಾಡಿಗೆದಾರನಾಗಿರುವ ಯುವಕನಿಗೆ ಸಾಮಾನ್ಯವಾಗಿ ತನ್ನದೆಂಬ ಒಲೆಯಿಲ್ಲ. ಅತಿಥಿಗಳನ್ನು ಕರೆಯುವ ಅವಕಾಶವೂ ಕಡಿಮೆ. ಮನೆಯುಳ್ಳವರು ಒಂದು ದಿನ ಮನೆ ಬಿಟ್ಟು ವನಕ್ಕೆ ಹೋಗುವುದು ಹಳೆಯ ವನಭೋಜನ. ಕರೆಯಲು ಮನೆಯೇ ಇಲ್ಲದವರು ಮರದ ನೆರಳನ್ನು ಮನೆಯಾಗಿಸಿಕೊಳ್ಳುವುದು ಹೊಸ ವನಭೋಜನ. ಬನ್ನೇರುಘಟ್ಟ, ತುರಹಳ್ಳಿ, ಮುತ್ಯಾಲಮಡುವುಗಳ ಕಡೆಗೆ ಭಾನುವಾರ ಹೊರಡುವ ಗುಂಪುಗಳನ್ನು ಈ ದೃಷ್ಟಿಯಿಂದ ನೋಡಬೇಕು. ನಗರದ ಅನೇಕ ಉದ್ಯಾನಗಳ ದ್ವಾರದಲ್ಲಿ ಹೊರಗಿನ ತಿಂಡಿತಿನಿಸು ನಿಷಿದ್ಧವೆಂಬ ಫಲಕವಿರುವುದರಿಂದ ಬುತ್ತಿ ಇನ್ನಷ್ಟು ದೂರ ಸಾಗಬೇಕಾಗುತ್ತದೆ.

ಫಿಲಿಪೀನ್ಸ್‌ನಿಂದ ಹಾಂಗ್‌ಕಾಂಗ್‌ಗೆ ಮನೆಗೆಲಸಕ್ಕೆ ಹೋದ ಮಹಿಳೆಯರ ಭಾನುವಾರಗಳು ಇದಕ್ಕೆ ಒಳ್ಳೆಯ ಹೋಲಿಕೆಯನ್ನು ಒದಗಿಸುತ್ತವೆ. ನಿಯಮದ ಪ್ರಕಾರ ಅವರು ಒಡೆಯರ ಮನೆಯಲ್ಲಿಯೇ ವಾಸಿಸಬೇಕು. ವಾರಕ್ಕೊಂದು ದಿನದ ರಜೆಯಲ್ಲಿ ಅವರು ಸೆಂಟ್ರಲ್ ಎಂಬ ವಾಣಿಜ್ಯ ಪ್ರದೇಶದ ಬೀದಿ, ಮೇಲ್ಸೇತುವೆಗಳಲ್ಲಿ ರಟ್ಟು ಹಾಸಿ ಕುಳಿತು, ತಂದ ಊಟವನ್ನು ಹಂಚಿಕೊಂಡು, ಹಾಡಿ, ಹರಟಿ ಸಂಜೆಗೆ ಚದುರುತ್ತಾರೆ. ಆ ರಟ್ಟಿನ ಚೌಕ ಅವರ ಪಡಸಾಲೆ. ಬೆಂಗಳೂರಿನ ಕಟ್ಟಡ ಕಾರ್ಮಿಕರ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕಸಿವಿಸಿಯಾಗುತ್ತದೆ. ರಾಯಚೂರು, ಯಾದಗಿರಿಗಳಿಂದ ಬಂದು ಕಟ್ಟಡಗಳ ಮಗ್ಗುಲಿನ ತಗಡಿನ ಶೆಡ್ಡುಗಳಲ್ಲಿ ನೆಲೆಸಿರುವ ದಿನಗೂಲಿಯವರಿಗೆ ಕೆಲಸಕ್ಕೆ ಹೋಗದ ದಿನವೆಂದರೆ ಕೂಲಿಯಿಲ್ಲದ ದಿನ. ಅವರ ವಸಂತ ಯುಗಾದಿಗೋ ಜಾತ್ರೆಗೋ ಊರಿಗೆ ಮರಳುವ ಬಸ್ಸಿನಲ್ಲಿ ಆರಂಭವಾಗುತ್ತದೆ. ಹೀಗಾಗಿ 'ಗೊಟ್ಟಿ' ಎಲ್ಲ ವಲಸಿಗರಿಗೂ ಸಮಾನವಾಗಿ ದಕ್ಕಿದೆಯೆಂದು ಭಾವಿಸುವುದು ತಪ್ಪಾದೀತು.

ದಕ್ಕಿದವರಲ್ಲಿ ನಡೆಯುವ ಭಾಷಿಕ ವ್ಯವಹಾರ ಮಾತ್ರ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾಗಿದೆ. ಕಚೇರಿಯಲ್ಲಿ ಬೆಂಗಳೂರಿನ ಕನ್ನಡವನ್ನೋ ಇಂಗ್ಲಿಷನ್ನೋ ಆಡುವವರು ಊಟದ ಚಾಪೆಯ ಮೇಲೆ 'ಬರ್ರಿ', 'ಉಣ್ರಿ', 'ಉಳ್ಳಾಗಡ್ಡಿ', 'ಬದನಿಕಾಯಿ'ಗಳಿಗೆ ಮರಳುತ್ತಾರೆ. ಅದೇ ಚಾಪೆಯ ಮೇಲೆ ಹಾಸನದವರ ಪುಳಿಯೋಗರೆ, ಮಂಗಳೂರಿನವರ ನೀರುದೋಸೆ, ಮಣಿಪುರದ ಸಹೋದ್ಯೋಗಿ ತಂದ ಅನ್ನವೂ ಇರಬಹುದು. ಪದಾರ್ಥದ ಹೆಸರು ಕೇಳುವುದು ಪರಿಚಯದ ಮೊದಲ ಮಾತಾಗುತ್ತದೆ. ಇಷ್ಟಾಗಿಯೂ ಸಸ್ಯಾಹಾರದ ಡಬ್ಬಿಗಳು ಒಂದು ಕಡೆಗೆ, ಮಾಂಸದವು ಇನ್ನೊಂದು ಕಡೆಗೆ ಸರಿಯುವುದುಂಟು, 'ಯಾರು ಮಾಡಿದ್ದು?' ಎಂಬ ಪ್ರಶ್ನೆ ಎಲ್ಲ ವೇಳೆಯಲ್ಲಿಯೂ ರುಚಿಯನ್ನು ಮೆಚ್ಚಿ ಕೇಳಿದ್ದಾಗಿರುವುದಿಲ್ಲ. ಬಳಗವನ್ನು ಹೊಸದಾಗಿ ಕಟ್ಟುವವರು ಹಳೆಯ ಪಂಕ್ತಿಯ ನೆನಪನ್ನೂ ಬುತ್ತಿಯಲ್ಲಿ ಕಟ್ಟಿ ತಂದಿರುತ್ತಾರೆ.

ಇದೇ ಬಡಾವಣೆಗಳಿಂದ ಹೊರಕ್ಕೆ ಹೋಗುವ ವಲಸೆಯೂ ಇದೆ. ಜಯನಗರ, ಬನಶಂಕರಿಗಳ ಹಿರಿಯ ದಂಪತಿಗಳು ಬೇಸಿಗೆಯ ಹೊತ್ತಿಗೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವುದು ಈಗ ಸಾಮಾನ್ಯ. ಗಾಂಧಿಬಜಾರು, ಜಯನಗರದ ನಾಲ್ಕನೆಯ ಬ್ಲಾಕುಗಳ ಅಂಗಡಿಗಳಲ್ಲಿ ಕೊಂಡ ಚಟ್ನಿಪುಡಿ, ಹುಳಿಪುಡಿ, ಹಪ್ಪಳಗಳು ಅವರ ಪೆಟ್ಟಿಗೆಯ ತೂಕದಲ್ಲಿ ದೊಡ್ಡ ಪಾಲು ಪಡೆಯುತ್ತವೆ. ಅಲ್ಲಿನ ಉತ್ತರದ ರಾಜ್ಯಗಳಲ್ಲಿ ಯುಗಾದಿಯ ದಿನ ಇನ್ನೂ ಚಳಿ ಆಳುತ್ತಿರುತ್ತದೆ. ಹಬ್ಬ ವಾರಾಂತ್ಯಕ್ಕೆ, ಶಾಲೆಯೊಂದರ ಸಭಾಂಗಣದ ಒಳಕ್ಕೆ ಸರಿಯುತ್ತದೆ. ಹೊರಗೆ ಕುಳಿತು ಉಣ್ಣುವ ಕನ್ನಡ ಕೂಟಗಳ ಪಿಕ್ನಿಕ್ಕಿಗೆ ಹಿಮ ಕರಗಿ ಮೇ, ಜೂನ್ ಬರಬೇಕು. ಮಾವಿನ ತಳಿರು, ಕೋಗಿಲೆಗಳನ್ನು ಹೊತ್ತ 'ವಸಂತ' ಎಂಬ ಪದ ಅಲ್ಲಿ ಮೇಪಲ್ ಚಿಗುರನ್ನು, ಚೆರ್ರಿಯ ಹೂವನ್ನು ಸೂಚಿಸತೊಡಗುತ್ತದೆ.

2003ರಲ್ಲಿ ಅಮೆರಿಕದಲ್ಲಿ ಆರಂಭವಾದ ಕನ್ನಡ ಸಾಹಿತ್ಯ ರಂಗವು ತನ್ನ ಸಮ್ಮೇಳನಕ್ಕೆ 'ವಸಂತ ಸಾಹಿತ್ಯೋತ್ಸವ' ಎಂದು ಹೆಸರಿಟ್ಟಿರುವುದು ಈ ಕಾರಣಕ್ಕಾಗಿ ಅರ್ಥಪೂರ್ಣ. ಕುವೆಂಪು ಜನ್ಮಶತಮಾನೋತ್ಸವದ ವರ್ಷವಾದ 2004ರಲ್ಲಿ ಫಿಲಡೆಲ್ಫಿಯಾ ಸಮೀಪದಲ್ಲಿ ನಡೆದ ಮೊದಲ ಉತ್ಸವ ಆ ಕವಿಯ ಕೃತಿಗಳಿಗೆ ಮೀಸಲಾಗಿತ್ತು. ದೂರದೂರದ ಊರುಗಳಿಂದ ಬಂದವರು ವಸಂತದಲ್ಲಿ ಕೂಡಿ, ಕಾವ್ಯವನ್ನು ಚರ್ಚಿಸಿ, ಒಂದೇ ಪಂಕ್ತಿಯಲ್ಲಿ ಉಣ್ಣುವ ಇಂಥ ಸಂದರ್ಭದಲ್ಲಿ ವೇದಿಕೆಯ ಗೋಷ್ಠಿ, ಪಂಪನ ಗೊಟ್ಟಿ ಎರಡೂ ಒಂದೆಡೆ ಸೇರುತ್ತವೆ. ಉತ್ಸವಗಳ ಭಾಷಣ, ಪ್ರಬಂಧಗಳು ಗ್ರಂಥಗಳಾಗಿ ಉಳಿಯುತ್ತವೆ. ಯಾರ ಮನೆಯಲ್ಲಿ ಬೇಳೆ ಬೆಂದಿತು, ಹಿಂದಿನ ರಾತ್ರಿ ಯಾವ ಹೆಂಗಸರು ನಿದ್ದೆಗೆಟ್ಟು ನೂರು ಜನರಿಗೆ ಹೋಳಿಗೆ ತಟ್ಟಿದರು ಎಂಬುದನ್ನು ತಿಳಿಯಲು ಕನ್ನಡ ಕೂಟಗಳ ಸ್ಮರಣ ಸಂಚಿಕೆಗಳ ಕೊನೆಯ ಪುಟಗಳನ್ನು, ಅಲ್ಲಿನ ಕೃತಜ್ಞತೆಯ ಪಟ್ಟಿಗಳನ್ನು ತಿರುವಬೇಕು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಈ ಸಂಚಿಕೆಗಳನ್ನು ಆಕರಗಳಾಗಿ ಸಂಗ್ರಹಿಸತೊಡಗಿದರೆ ಆ ಹೆಸರುಗಳೂ ಸಂಶೋಧಕರಿಗೆ ಲಭ್ಯವಾಗುತ್ತವೆ.