ಬಿಸಿಲಿನಲ್ಲಿ ನಾಯಿಯ ನಡಿಗೆ



‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಸುಮ್ಮನೆ ಅಲೆದಾಡುವವರನ್ನು ಹಂಗಿಸಲು ನಮ್ಮ ಹಿರಿಯರು ಇದನ್ನು ಬಳಸುತ್ತಿದ್ದರು. ಈ ಗಾದೆ ಹುಟ್ಟಿದ ಕಾಲದ ನಾಯಿ ತನ್ನ ಇಷ್ಟದಂತೆ ತಿರುಗುವ ನಾಯಿಯಾಗಿತ್ತು. ಬೇಕೆಂದಾಗ ಓಡುತ್ತಿತ್ತು, ಬೇಡವೆಂದಾಗ ಹುಣಸೆಯ ಮರದಡಿ ಮಲಗುತ್ತಿತ್ತು. ಈಗ ಹಿಂದೂಪುರದಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಮನೆಯೊಳಗೆ ನಾಯಿ ಸಾಕುವವರು ಹೆಚ್ಚಿದ್ದಾರೆ. ಅದರ ಕೊರಳಿಗೆ ಪಟ್ಟಿ, ಪಟ್ಟಿಗೆ ಸರಪಳಿ, ಸರಪಳಿಯ ಇನ್ನೊಂದು ತುದಿ ಮನೆಯ ಹುಡುಗನ ಅಥವಾ ಹುಡುಗಿಯ ಕೈಯಲ್ಲಿ. ‘ವಾಕಿಂಗ್’ ಎಂಬ ಕೆಲಸವೊಂದು ಈಗ ನಾಯಿಗೂ ಬಂದಿದೆ. ಈ ಕೆಲಸವನ್ನು ನಮ್ಮ ಸೀಮೆಯ ಬಿಸಿಲಿನಲ್ಲಿ ಹೇಗೆ ಮಾಡಿಸಬೇಕೆಂಬುದೇ ಈ ಪಾಠದ ವಿಷಯ.

ಇದೇನು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ಪಾರ್ಕಿನ ಸಮತಟ್ಟಾದ ಹಾದಿಯಲ್ಲಿ ಎರಡು ಸುತ್ತು ನಡೆಯುವುದರಲ್ಲಿ ಕಷ್ಟವೇನು? ಹಾದಿ ಸುಲಭವೆಂಬುದು ನಿಜವೇ. ಆದರೆ ಅದು ಯಾರಿಗೆ ಸುಲಭ? ಚಪ್ಪಲಿ ಹಾಕಿದ ನಮಗೆ. ಬರಿಗಾಲಿನ ನಾಯಿಗೆ, ಅದರಲ್ಲೂ ಉಣ್ಣೆಯ ಅಂಗಿ ತೊಟ್ಟಂತೆ ಮೈತುಂಬ ರೋಮ ಹೊತ್ತಿರುವ ನಾಯಿಗೆ, ಆ ಎರಡು ಸುತ್ತು ಪ್ರಾಣಕ್ಕೇ ಸಂಚಕಾರವಾಗಬಲ್ಲುದು. ಬೇಸಿಗೆಯಲ್ಲಿ ಪಶುವೈದ್ಯರ ಬಳಿಗೆ ತರುವ ನಾಯಿಗಳಲ್ಲಿ ಕೆಲವು ಹೀಗೆ ಬಿಸಿಲಿಗೆ ಸಿಕ್ಕಿದವೇ.

ಮೊದಲು ನಾಯಿಯ ದೇಹದ ವ್ಯವಸ್ಥೆಯನ್ನು ತಿಳಿಯೋಣ. ಆರೋಗ್ಯವಾಗಿರುವ ನಾಯಿಯ ಮೈಯ ಶಾಖ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅಂದರೆ ನಮಗೆ ಜ್ವರವೆನ್ನಿಸುವ ಶಾಖವೇ ಅದಕ್ಕೆ ಸಹಜ. ನಮಗೆ ಸೆಕೆಯಾದಾಗ ಮೈಯೆಲ್ಲ ಬೆವರುತ್ತದೆ. ಬೆವರು ಆರುವಾಗ ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ನಿಮ್ಮ ಮನೆಯ ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಈ ನಿಯಮದಿಂದಲೇ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕೆಂದು ವಿಜ್ಞಾನದ ತರಗತಿಯಲ್ಲಿ ನೀವು ಓದುತ್ತೀರಿ. ನಾಯಿಗೆ ಈ ಸೌಕರ್ಯ ಮೈಮೇಲೆ ಇಲ್ಲ. ಅದಕ್ಕೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ. ಅಷ್ಟರಿಂದ ಇಡೀ ಮೈ ತಣಿಯದು. ಆದ್ದರಿಂದ ಅದು ನಾಲಿಗೆಯನ್ನು ಹೊರಚಾಚಿ ತೇಕುತ್ತದೆ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಹತ್ತರಿಂದ ಮೂವತ್ತರವರೆಗೆ ಉಸಿರಾಡುವ ನಾಯಿ ತೇಕುವಾಗ ಮುನ್ನೂರಕ್ಕೂ ಹೆಚ್ಚು ಸಲ ಉಸಿರಾಡಬಲ್ಲುದು. ನಾಲಿಗೆ, ಬಾಯಿ ಮತ್ತು ಮೂಗಿನೊಳಗಿನ ತೇವ ಆವಿಯಾಗಿ ಅಲ್ಲಿ ಹರಿಯುವ ರಕ್ತ ತಣ್ಣಗಾಗುತ್ತದೆ. ನಾಯಿಯ ಮಡಕೆ ಅದರ ಬಾಯಿಯಲ್ಲಿದೆ ಎನ್ನಬಹುದು.

ಇದರಿಂದ ಒಂದು ಸಂಗತಿ ತಾನೇ ಹೊರಡುತ್ತದೆ. ಮೂತಿ ಉದ್ದವಾಗಿದ್ದಷ್ಟೂ ತಣಿಯುವ ಜಾಗ ಹೆಚ್ಚು. ನಮ್ಮ ಕನ್ನಡನಾಡಿನ ಮುಧೋಳದ ನಾಯಿಯನ್ನು ನೋಡಿ: ನೀಳವಾದ ಮೂತಿ, ಆಳವಾದ ಎದೆ, ತೆಳುವಾದ ರೋಮ, ಕೊಬ್ಬಿಲ್ಲದ ಮೈ. ಬಿಸಿಲುನಾಡಿನ ಬೇಟೆಗೆಂದೇ ಬೆಳೆದ ತಳಿ ಅದು. 2005ರಲ್ಲಿ ಭಾರತದ ಅಂಚೆ ಇಲಾಖೆ ದೇಶೀಯ ನಾಯಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳಕ್ಕೂ ಒಂದು ಚೀಟಿ ದೊರೆಯಿತು. ಇನ್ನು ಪಗ್ ಎಂಬ ಚಪ್ಪಟೆ ಮೂಗಿನ ಪುಟ್ಟ ನಾಯಿ. ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಬಂದ ಮೇಲೆ ಊರೂರಿಗೂ ಅದು ಬಂತು. ನೋಡಲು ಮುದ್ದು, ಆದರೆ ಅದರ ಉಸಿರಿನ ಹಾದಿ ಇಕ್ಕಟ್ಟು. ನೆರಳಿನಲ್ಲಿ ನಿಂತಿದ್ದರೂ ಗೊರಗೊರ ಸದ್ದು ಮಾಡುತ್ತದೆ. ಸೈಬೀರಿಯದ ಹಿಮದಲ್ಲಿ ಬಂಡಿ ಎಳೆಯುವ ಹಸ್ಕಿಯನ್ನು ತಂದು ಕಲ್ಯಾಣದುರ್ಗದ ತಾರಸಿಯ ಮೇಲೆ ಕಟ್ಟುವವರ ಬಗ್ಗೆ ನಾವು ಏನೂ ಹೇಳುವುದಿಲ್ಲ; ಹೇಳಿದರೆ ಪಾಠ ಬೇರೆ ಕಡೆಗೆ ಹೋದೀತು.

ಇನ್ನು ನಮ್ಮ ಸೀಮೆಯ ವಿಚಾರ. 2022ರ ಏಪ್ರಿಲಿನಲ್ಲಿ ಅನಂತಪುರ ಜಿಲ್ಲೆ ಎರಡಾಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಬಿಸಿಲು ಒಂದೇ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ, ಮಳೆಯ ನೆರಳಿನ ಪ್ರದೇಶ ನಮ್ಮದು. ಹೆಸರಿನಲ್ಲಿ ನೆರಳುಂಟು, ನೆಲದ ಮೇಲೆ ಇಲ್ಲ! ಗಾಳಿ ಒಣಗಿರುವುದರಿಂದ ನಾಯಿಯ ತೇಕುವಿಕೆ ಇಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದರ ಮೈಯ ನೀರು ಬೇಗ ಬರಿದಾಗುತ್ತದೆ. ಮಂಗಳೂರಿನಂಥ ಕರಾವಳಿಯಲ್ಲಿ ಇದಕ್ಕೆ ವಿರುದ್ಧ. ನೀರು ಕುಡಿಸಿದರೂ ತೇವದ ಗಾಳಿಯಲ್ಲಿ ಬಾಯಿಯ ತೇವ ಆರುವುದಿಲ್ಲ. ನಮ್ಮಲ್ಲಿಯೂ ಮೇ ತಿಂಗಳಲ್ಲಿ ಒಂದು ಮಳೆ ಬಿದ್ದು ಮೋಡ ಕವಿದ ಸಂಜೆ ಅಂಥದೇ ಸ್ಥಿತಿ ಬರುತ್ತದೆ. ಬಿಸಿಲಿಲ್ಲವೆಂದು ಜನ ಆಗ ನಾಯಿಯನ್ನು ಹೆಚ್ಚು ಓಡಿಸುತ್ತಾರೆ. ಆ ಸಂಜೆಯೇ ಹೆಚ್ಚು ಎಚ್ಚರ ಬೇಕಾದದ್ದು.

ಪತ್ರಿಕೆಯಲ್ಲಿ ‘ನಿನ್ನೆಯ ಗರಿಷ್ಠ ಉಷ್ಣಾಂಶ 40 ಡಿಗ್ರಿ’ ಎಂದು ಓದುತ್ತೇವಲ್ಲವೇ? ಅದು ಯಾವ ಶಾಖ? ಹವಾಮಾನ ಇಲಾಖೆಯವರು ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ನೆರಳಿನಲ್ಲಿ ಅಳೆದ ಗಾಳಿಯ ಶಾಖ ಅದು. ನಾಯಿ ನಡೆಯುವುದು ಅಲ್ಲಲ್ಲ. ಅದರ ಹೊಟ್ಟೆ ನೆಲದಿಂದ ಒಂದು ಗೇಣು, ಒಂದೂವರೆ ಗೇಣು ಮೇಲಿರುತ್ತದೆ. ಕಾಲಂತೂ ನೆಲದ ಮೇಲೆಯೇ. ಗಾಳಿ ಬರಿಯ 25 ಡಿಗ್ರಿ ಇರುವಾಗಲೇ ಬಿಸಿಲಿಗೆ ಬಿದ್ದ ಟಾರು 50 ಡಿಗ್ರಿ ಮುಟ್ಟಬಲ್ಲುದು. ಅಂಥ ಮೇಲ್ಮೈಗೆ ಒಂದು ನಿಮಿಷ ತಗುಲಿಕೊಂಡಿದ್ದರೆ ಚರ್ಮ ಸುಡುತ್ತದೆ. ಗಾಳಿಯೇ 40 ಇದ್ದರೆ ಟಾರಿನ ಗತಿಯೇನೆಂದು ನೀವೇ ಊಹಿಸಿ. ನಮ್ಮ ಪಾರ್ಕುಗಳ ನಡೆಹಾದಿಗೆ ಹಾಸಿರುವ ಸಿಮೆಂಟು ಇಟ್ಟಿಗೆಯೂ ಇದಕ್ಕಿಂತ ಬಹಳ ಮೇಲಲ್ಲ. ಹುಲ್ಲು ಮಾತ್ರ ಬೇರೆ. ಎಲೆಗಳಿಂದ ನೀರು ಆವಿಯಾಗುತ್ತಿರುವುದರಿಂದ ಅದು ತಂಪು. ಹುಲ್ಲಿನ ಮೇಲೆ ಕಾಲಿಡಬಾರದೆಂಬ ಫಲಕವಿದ್ದರೆ ಹಾದಿಯ ಅಂಚಿನ ಮಣ್ಣಾದರೂ ಆದೀತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಜೆ ಐದಕ್ಕೆ ಬಿಸಿಲಿನ ಮೊನಚು ತಗ್ಗಿದಂತೆ ನಮಗೆ ತೋರುತ್ತದೆ. ಆದರೆ ಕಲ್ಲು, ಸಿಮೆಂಟು, ಟಾರು ಇವು ಹಗಲೆಲ್ಲ ಕುಡಿದ ಶಾಖವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಲೇಪಾಕ್ಷಿಯ ದೇವಾಲಯದ ಅಂಗಳದಲ್ಲಿ ಬೇಸಿಗೆಯ ಸಂಜೆ ಬರಿಗಾಲಿನಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿಯೆಲ್ಲ ಆರಿದ ನೆಲ ಬೆಳಗಿನ ಜಾವಕ್ಕೆ ತಣ್ಣಗಿರುತ್ತದೆ. ಆದುದರಿಂದ ಮಾರ್ಚಿಯಿಂದ ಜೂನ್ ಮೊದಲ ವಾರದವರೆಗೆ ನಾಯಿಯ ನಡಿಗೆಗೆ ಬೆಳಗಿನ ಏಳು ಗಂಟೆಯ ಒಳಗಿನ ಹೊತ್ತೇ ಉತ್ತಮ. ಸಂಜೆಯಾದರೆ ದೀಪ ಹಚ್ಚಿದ ಮೇಲೆ. ಹೊರಡುವ ಮುನ್ನ ಕೈಯ ಹಿಂಭಾಗವನ್ನು ಹಾದಿಗೆ ಒತ್ತಿಟ್ಟು ನಿಧಾನವಾಗಿ ಏಳರವರೆಗೆ ಎಣಿಸಿ. ಕೈ ಇಡಲಾಗದಿದ್ದರೆ ನಾಯಿ ಕಾಲಿಡಲಾಗದು.

ನಮಗೆ ಹೆಚ್ಚು ಚಿಂತೆಯಾಗುವುದು ಒಂದು ಕಾರಣಕ್ಕೆ. ಆಂಧ್ರದಲ್ಲಿ ಮಾರ್ಚಿಯ ಮಧ್ಯದಿಂದ ಒಪ್ಪೊತ್ತಿನ ಶಾಲೆ, ನಿಮ್ಮ ತೆಲುಗು ಗೆಳೆಯರ ಮಾತಿನಲ್ಲಿ ‘ಒಂಟಿಪೂಟ ಬಡಿ’, ಆರಂಭವಾಗುತ್ತದೆ. ಮಕ್ಕಳನ್ನು ಬಿಸಿಲಿನಿಂದ ಕಾಪಾಡಲೆಂದು ಮಾಡಿದ ಏರ್ಪಾಡು ಅದು. ಮಧ್ಯಾಹ್ನ ಮನೆಗೆ ಬಂದ ಹುಡುಗನಿಗೆ ಮೂರು ಗಂಟೆಯ ಹೊತ್ತಿಗೆ ಬೇಸರ ಹುಟ್ಟುತ್ತದೆ. ಬಾಗಿಲ ಬಳಿ ನಾಯಿ ಬಾಲ ಅಲ್ಲಾಡಿಸುತ್ತದೆ. ಸರಪಳಿ ತೆಗೆದುಕೊಂಡು ಹೊರಟೇಬಿಡುತ್ತಾನೆ! ಶಾಲೆಗೆ ರಜೆ ಕೊಟ್ಟ ಬಿಸಿಲಿಗೇ ನಾಯಿಯನ್ನು ಕರೆದೊಯ್ದಂತಾಯಿತು.

ನಾಯಿ ತಾನಾಗಿ ‘ಸಾಕು’ ಎನ್ನಬಾರದೇ ಎಂದು ಕೇಳುತ್ತೀರಾ? ಅದೇ ಈ ಪ್ರಾಣಿಯ ಸ್ವಭಾವದ ದೊಡ್ಡ ಗುಣ, ದೊಡ್ಡ ಅಪಾಯ. ಚೆಂಡನ್ನು ಎಸೆದರೆ ಹತ್ತನೆಯ ಸಲವೂ ಓಡಿಹೋಗಿ ತರುತ್ತದೆ. ಕುಸಿದು ಬೀಳುವವರೆಗೆ ತರುತ್ತದೆ. ಕನ್ನಡ ಶಾಸನಗಳಲ್ಲಿ ಇದಕ್ಕೆ ಸಾವಿರ ವರ್ಷ ಹಿಂದಿನ ಸಾಕ್ಷಿಯೇ ಇದೆ. ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಬೂತುಗನು ‘ಬೇಕಾದ್ದನ್ನು ಕೇಳು’ ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ನಾಯಿ ಹಂದಿಯ ಮೇಲೆ ಬಿದ್ದಿರುವ ಶಿಲ್ಪವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರವಾಸಕ್ಕೆ ಹೋದವರು ತಪ್ಪದೆ ನೋಡಬೇಕು. ನಮ್ಮ ಹಿಂದೂಪುರದ ಆಚೆ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳನ್ನು ಬಲ್ಲ ನಿಮಗೆ ಆ ಕಾಲದ ಲಿಪಿ ಅಪರಿಚಿತವಲ್ಲ. ಒಡೆಯನ ಮಾತಿಗೆ ಕಾಳಿ ಹಂದಿಗೆ ಎದುರು ನಿಂತಿತು; ನಿಮ್ಮ ನಾಯಿ ಬಿಸಿಲಿಗೆ ಎದುರು ನಿಲ್ಲುತ್ತದೆ.

ಕಲ್ಯಾಣದುರ್ಗದ ಕಡೆ ಕುರಿಮಂದೆಯ ಹಿಂದೆ ಹೋಗುವ ನಾಯಿಗಳು ದಿನವೆಲ್ಲ ಬಯಲಲ್ಲೇ ಇರುತ್ತವಲ್ಲ, ಅವಕ್ಕೇನೂ ಆಗದಲ್ಲ ಎಂದು ಯಾರಾದರೂ ಹೇಳಿಯಾರು. ಒಮ್ಮೆ ನಿಂತು ಗಮನಿಸಿ. ಮಧ್ಯಾಹ್ನದ ಹೊತ್ತಿಗೆ ಕುರುಬನು ಮಂದೆಯನ್ನು ಮರದ ನೆರಳಿಗೆ ತರುಬುತ್ತಾನೆ. ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಲ್ಲುತ್ತವೆ. ನಾಯಿ ಬೇವಿನ ಬುಡದಲ್ಲಿ ಮೇಲಿನ ಬಿಸಿಮಣ್ಣನ್ನು ಕೆದರಿ, ಒಳಗಿನ ತಂಪು ಮಣ್ಣಿಗೆ ಹೊಟ್ಟೆ ತಾಗಿಸಿ ಮಲಗುತ್ತದೆ. ಅದಕ್ಕೆ ಸರಪಳಿ ಇಲ್ಲ. ಎಲ್ಲಿ ನೆರಳು, ಎಷ್ಟು ಹೊತ್ತು ವಿಶ್ರಾಂತಿ ಎಂಬುದನ್ನು ಅದೇ ನಿರ್ಧರಿಸುತ್ತದೆ. ಪಾರ್ಕಿನ ನಾಯಿಗೆ ಆ ಆಯ್ಕೆ ಇಲ್ಲ. ಅದನ್ನು ಸರಪಳಿ ಹಿಡಿದವರೇ ಮಾಡಬೇಕು. ಆದ್ದರಿಂದ ಹಾದಿಯಲ್ಲಿ ನಾಯಿ ಹೊಂಗೆಯ ನೆರಳಿಗೆ ಎಳೆದರೆ ಅದನ್ನು ಹಟವೆಂದು ತಿಳಿದು ಜಗ್ಗಬೇಡಿರಿ. ಒಂದು ಸೀಸೆ ನೀರು, ಒಂದು ತೆಂಗಿನ ಕರಟ ಜೊತೆಗಿರಲಿ. ಕರಟಕ್ಕಿಂತ ಒಳ್ಳೆಯ ಬಟ್ಟಲನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನಾಲಿಗೆ ಅಗಲವಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ವಸಡು ಕೆಂಪೇರಿ, ನಡಿಗೆ ತೂರಾಡತೊಡಗಿದರೆ ಅದು ಬರಿಯ ದಣಿವಲ್ಲ. ಮೈಯ ಶಾಖ 41 ಡಿಗ್ರಿ ದಾಟಿದರೆ ಒಳಗಿನ ಅಂಗಗಳಿಗೇ ಪೆಟ್ಟು. ಕೂಡಲೆ ನೆರಳಿಗೆ ಸೇರಿಸಿ ಮೈಮೇಲೆ ನೀರು ಸುರಿಯಿರಿ, ಬೀಸಣಿಗೆಯಿಂದಲೋ ಟವೆಲಿನಿಂದಲೋ ಗಾಳಿ ಹಾಕಿರಿ. ನಲ್ಲಿಯ ನೀರೇ ಸಾಕು. ಮಂಜುಗಡ್ಡೆ ಹುಡುಕುತ್ತ ಹೊತ್ತು ಕಳೆಯಬೇಡಿ. ಒದ್ದೆ ಗೋಣಿಯನ್ನು ಹೊದಿಸಿ ಬಿಡುವ ರೂಢಿ ಒಳ್ಳೆಯದಲ್ಲ. ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಕಂಬಳಿಯಂತೆ ಶಾಖವನ್ನು ಒಳಗೇ ಹಿಡಿಯುತ್ತದೆ. ಪ್ರಜ್ಞೆ ಇದ್ದರೆ ಮಾತ್ರ ಸ್ವಲ್ಪ ಸ್ವಲ್ಪ ನೀರು ಕುಡಿಸಿ. ಮೊದಲು ತಣಿಸಿ, ಆಮೇಲೆ ಪಶುವೈದ್ಯಶಾಲೆಗೆ ಒಯ್ಯಬೇಕು. ಎದ್ದು ನಿಂತಿತೆಂದು ಒಯ್ಯದೆ ಬಿಡಬಾರದು.

ಪಾರ್ಕಿನಲ್ಲಿ ಬೀದಿನಾಯಿಗಳೂ ಇರುತ್ತವೆ. ಅದು ಅವುಗಳ ಸೀಮೆ. ಎದುರಾದರೆ ಓಡಬೇಡಿ. ನಿಮ್ಮ ನಾಯಿಗೆ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸಿರಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಹಚ್ಚುವುದು ಬೇಡವೇ ಬೇಡ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಭಯದಿಂದ ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳು ಹಿಂದೆ ಇದ್ದರು. ಆ ಹಳೆಯ ಲಸಿಕೆ 2004ರ ಕೊನೆಗೇ ಭಾರತದಲ್ಲಿ ನಿಂತುಹೋಗಿದೆ. ಈಗ ತೋಳಿಗೆ ಕೆಲವೇ ಸೂಜಿಗಳು. ನಾಯಿಯ ಮಲವನ್ನು ಹಳೆಯ ಪತ್ರಿಕೆಯಲ್ಲಿ ಎತ್ತಿ ಕಸದ ತೊಟ್ಟಿಗೆ ಹಾಕುವುದನ್ನು ಮಾತ್ರ ಮರೆಯಬೇಡಿ. ಅದರಲ್ಲಿನ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನಲ್ಲಿ ಆಡುವ ಚಿಕ್ಕ ಮಕ್ಕಳ ಚರ್ಮವನ್ನು ಹೊಗುತ್ತವೆ.

ಮಾಡಿ ನೋಡಿರಿ: ಬೇಸಿಗೆ ರಜೆಗೆ ಮುನ್ನ ಪ್ರಯೋಗಶಾಲೆಯ ಉಷ್ಣಮಾಪಕವೊಂದನ್ನು ವಿಜ್ಞಾನದ ಮೇಷ್ಟರಿಂದ ಪಡೆಯಿರಿ. (ಜ್ವರ ನೋಡುವ ಗಾಜಿನ ಮಾಪಕ ಬೇಡ, ಅದರ ಅಳತೆ 42 ಡಿಗ್ರಿಗೇ ಮುಗಿಯುತ್ತದೆ, ಒಡೆದರೆ ಪಾದರಸ ಚೆಲ್ಲುತ್ತದೆ.) ಟಾರು, ಸಿಮೆಂಟು, ಬರಿಯ ಮಣ್ಣು, ಹುಲ್ಲು, ಮರದಡಿಯ ಮಣ್ಣು ಈ ಐದು ಕಡೆ ಬೆಳಿಗ್ಗೆ 6, ಮಧ್ಯಾಹ್ನ 1, ಸಂಜೆ 5, ರಾತ್ರಿ 8 ಗಂಟೆಗೆ ನೆಲಕ್ಕೆ ತಾಗಿಸಿ ಐದು ನಿಮಿಷ ಇಟ್ಟು ಬರೆದುಕೊಳ್ಳಿ. ಅದೇ ದಿನದ ಪತ್ರಿಕೆಯ ಉಷ್ಣಾಂಶವನ್ನು ಪಕ್ಕದಲ್ಲಿ ಬರೆಯಿರಿ. ಮನೆಯಲ್ಲಿ ನಾಯಿ ಇರುವವರು ಆ ಹೊತ್ತುಗಳಲ್ಲಿ ಅದು ಎಲ್ಲಿ ಮಲಗಿತ್ತೆಂಬುದನ್ನೂ ಇನ್ನೊಂದು ಸಾಲಿನಲ್ಲಿ ಗುರುತಿಸಲಿ. ಆ ಎರಡು ಸಾಲುಗಳನ್ನು ಹೋಲಿಸಿ ಜೂನ್ ತಿಂಗಳಲ್ಲಿ ತರಗತಿಗೆ ತನ್ನಿರಿ.