ಷಡ್ಡಕರಿಗೆ ತೋರಿಸುವ ಆದಾಯ

ತುಮಕೂರಿನಲ್ಲಿ ಅಂಗಡಿಕಾರರ ತೆರಿಗೆ ಲೆಕ್ಕ ಬರೆದು ಬದುಕುವ ನಾನು ಕಂಡುಕೊಂಡದ್ದೇನೆಂದರೆ, ನಮ್ಮ ಕಡೆ ಒಬ್ಬ ಮನುಷ್ಯನಿಗೆ ನಾಲ್ಕು ಆದಾಯಗಳಿರುತ್ತವೆ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗಾಗಿ ನಾಡಕಚೇರಿಯಲ್ಲಿ ಹೇಳುವುದು ಒಂದು. ಆದಾಯ ತೆರಿಗೆ ಇಲಾಖೆಗೆ ಹೇಳುವುದು ಇನ್ನೊಂದು. ಅದು ತುಸು ದಪ್ಪ. ಸಾಲ ಕೇಳುವಾಗ ಬ್ಯಾಂಕ್ ಮ್ಯಾನೇಜರಿಗೆ ಹೇಳುವುದು ಮೂರನೆಯದು. ನಾಲ್ಕನೆಯದು ಷಡ್ಡಕರಿಗೆ ತೋರಿಸುವ ಆದಾಯ. ಮೊದಲ ಮೂರಕ್ಕೆ ಕಾಗದ ಸಾಕು, ನಾಲ್ಕನೆಯದಕ್ಕೆ ದುಡ್ಡೇ ಬೇಕು.

ನನ್ನ ಹತ್ತಿರ ಲೆಕ್ಕ ಬರೆಸುವವರಲ್ಲಿ ಇಬ್ಬರು ಷಡ್ಡಕರಿದ್ದಾರೆ. ಗುರುತು ಸಿಗದಷ್ಟು ವಿವರ ಬದಲಿಸಿ ಹೇಳುತ್ತೇನೆ. ಅಕ್ಕನ ಗಂಡನದು ಗುಬ್ಬಿಯಲ್ಲಿ ಕೊಬ್ಬರಿ, ಅಡಿಕೆ ವ್ಯಾಪಾರ. ತಂಗಿಯ ಗಂಡನದು ಕುಣಿಗಲ್ಲಿನಲ್ಲಿ ಹಾರ್ಡ್‌ವೇರ್ ಅಂಗಡಿ. ಇಬ್ಬರೂ ಬೇರೆಬೇರೆ ದಿನ ಬರುತ್ತಾರೆ, ಕಡತ ಮಡಚಿ ಏಳುವಾಗ ಒಂದೇ ಪ್ರಶ್ನೆ ಕೇಳುತ್ತಾರೆ: ‘ಅವ್ರು ಎಷ್ಟು ತೋರ್ಸವ್ರೆ ಸಾರ್?’ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಸುಮ್ಮನೆ ನಗುತ್ತೇನೆ. ಆ ನಗುವನ್ನು ಇಬ್ಬರೂ ‘ಅವರದು ನನ್ನದಕ್ಕಿಂತ ಜಾಸ್ತಿಯೇ ಇರಬೇಕು’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಇಬ್ಬರ ಕೈಗೂ ತಿಂಗಳಿಗೆ ಉಳಿಯುವುದು ಐವತ್ತು ಸಾವಿರದ ಆಸುಪಾಸು.

ಗುಬ್ಬಿಯವರು ಹನ್ನೆರಡೂವರೆ ಲಕ್ಷದ ಕಾರು ತಂದರು. ಅದರಲ್ಲಿ ಹತ್ತು ಲಕ್ಷ ಸಾಲ, ಬಡ್ಡಿ ಶೇ 9.5, ಅವಧಿ ಏಳು ವರ್ಷ. ಕಂತು ತಿಂಗಳಿಗೆ ಸುಮಾರು 16,340 ರೂಪಾಯಿ. ಅವಧಿ ಮುಗಿಯುವ ಹೊತ್ತಿಗೆ ಬಡ್ಡಿಯೇ ಮೂರು ಲಕ್ಷ ಎಪ್ಪತ್ತು ಸಾವಿರ ದಾಟುತ್ತದೆ. ಸಂಪಾದನೆಯ ಮೂರನೇ ಒಂದು ಪಾಲು ಕಂತಿಗೇ ಹೋಯಿತು. ವಿಮೆ, ಪೆಟ್ರೋಲು, ಸರ್ವಿಸು ಬೇರೆ. ಕೊಬ್ಬರಿ ವ್ಯಾಪಾರಕ್ಕೆ ಬೇಕಾಗಿದ್ದದ್ದು ಒಂದು ಲಗೇಜ್ ಆಟೊ. ಅದು ಈಗಲೂ ಬಾಡಿಗೆಯದೇ.

ಕಾರು ಮಾವನ ಮನೆಯ ಹಬ್ಬಕ್ಕೆ ಹೋಗಿಬಂದ ಮೇಲೆ ಕುಣಿಗಲ್ಲಿನವರಿಗೆ ನಿದ್ದೆ ಹತ್ತಲಿಲ್ಲ. ಅವರು ಐದು ಲಕ್ಷದ ಚೀಟಿ ಹಾಕಿದ್ದರು, ಇಪ್ಪತ್ತು ತಿಂಗಳದ್ದು. ಮೂರನೇ ತಿಂಗಳಿಗೇ ಒಂದೂವರೆ ಲಕ್ಷ ಬಿಟ್ಟು ಕೂಗಿ, ಮೂರೂವರೆ ಲಕ್ಷ ಎತ್ತಿದರು. ಆ ದುಡ್ಡು ಮನೆಯ ಎಲಿವೇಶನ್‌ಗೆ ಹೋಯಿತು. ಮುಂದುಗಡೆ ಗ್ರಾನೈಟು, ಗಾಜು, ಸಂಜೆ ಬಣ್ಣ ಬದಲಿಸುವ ದೀಪ. ಪಕ್ಕದ ಗೋಡೆಗಳಿಗೆ ಇನ್ನೂ ಪ್ಲಾಸ್ಟರಿಂಗ್ ಆಗಿಲ್ಲ. ಷಡ್ಡಕರು ಬರುವುದು ಮುಂಬಾಗಿಲಿನಿಂದ ತಾನೆ! ಅದೇ ಚೀಟಿಯನ್ನು ಕೊನೆಯವರೆಗೆ ಮುಟ್ಟದೆ ಬಿಟ್ಟಿದ್ದರೆ ತಿಂಗಳು ತಿಂಗಳೂ ಡಿವಿಡೆಂಡ್ ಪಡೆಯುತ್ತ ಉಳಿತಾಯ ಮಾಡಿದಂತಾಗುತ್ತಿತ್ತು. ಮೊದಲೇ ಕೂಗಿದವರಿಗೆ ಅದು ಸಾಲ, ಕೊನೆಗೆ ಎತ್ತಿದವರಿಗೆ ಉಳಿತಾಯ. ಮೊದಲಿನವರ ಅವಸರವೇ ಕೊನೆಯವರ ಲಾಭ.

ತಮಾಷೆ ಇನ್ನೊಂದಿದೆ. ಹತ್ತು ಲಕ್ಷಕ್ಕಿಂತ ಹೆಚ್ಚಿನ ಕಾರು ಕೊಂಡರೆ ಷೋರೂಮಿನವರು ಬೆಲೆಯ ಶೇ 1ರಷ್ಟನ್ನು ಟಿಸಿಎಸ್ ಎಂಬ ತೆರಿಗೆಯಾಗಿ ಹಿಡಿದು ಕೊಂಡವರ ಪ್ಯಾನ್ ನಂಬರಿಗೆ ಜಮಾ ಮಾಡುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹಿಂಪಡೆಯಬಹುದು, ನಷ್ಟವೇನಿಲ್ಲ. ಆದರೆ ಕಾರು ಕೊಂಡ ಸುದ್ದಿ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಂದು ಕೂರುತ್ತದೆ. ಗುಬ್ಬಿಯವರು ಗಾಬರಿಯಾದರು. ‘ಇವ್ರಿಗೆ ಯಾರು ಹೇಳಿದ್ದು ಸಾರ್?’ ಎಂದರು. ಉಳಿತಾಯ ಖಾತೆಗೆ ವರ್ಷದಲ್ಲಿ ಹತ್ತು ಲಕ್ಷ ನಗದು ಕಟ್ಟಿದರೂ, ಮೂವತ್ತು ಲಕ್ಷದ ಆಸ್ತಿ ನೋಂದಾಯಿಸಿದರೂ ಹೀಗೆಯೇ ವರದಿ ಹೋಗುತ್ತದೆ. ಷಡ್ಡಕರ ಕಣ್ಣು ಕುಕ್ಕಲೆಂದು ಮಾಡಿದ್ದನ್ನು ಇಲಾಖೆಯೂ ಕೂತು ನೋಡುತ್ತದೆ.

2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಯಿತಲ್ಲ, ಅಲ್ಲಿಂದ ನನ್ನ ಮೇಜಿನ ಮುಂದೆ ಹೊಸ ಬೇಡಿಕೆ ಶುರುವಾಗಿದೆ. ‘ಹೆಂಗೂ ಟ್ಯಾಕ್ಸ್ ಇಲ್ಲ, ಹನ್ನೊಂದೂ ಮುಕ್ಕಾಲು ತೋರ್ಸ್ಬಿಡಿ, ಲೋನ್ ದೊಡ್ದು ಸಿಕ್ತದೆ’ ಎಂದವರು ಕುಣಿಗಲ್ಲಿನವರು. ಮೊದಲು ಆದಾಯ ಮುಚ್ಚಿಡಿ ಎನ್ನುತ್ತಿದ್ದವರು ಈಗ ಇಲ್ಲದ್ದನ್ನು ತೆರೆದು ತೋರಿಸಿ ಎನ್ನುತ್ತಾರೆ. ಎರಡೂ ಸುಳ್ಳೇ, ಎರಡಕ್ಕೂ ನಾನು ಸಹಿ ಹಾಕುವುದಿಲ್ಲ. ಕಾನೂನು ಹಾಗಿರಲಿ, ಗಣಿತ ನೋಡಿ. ತೆರಿಗೆಗೆ ರಿಯಾಯಿತಿ ಇದೆ, ಕಂತಿಗೆ ಇಲ್ಲ. ಕಾಗದದ ಮೇಲಿನ ಆದಾಯಕ್ಕೆ ಸಿಕ್ಕ ಸಾಲವನ್ನು ಗಲ್ಲಾಪೆಟ್ಟಿಗೆಯ ಆದಾಯದಿಂದಲೇ ತೀರಿಸಬೇಕು.

ಅವರು ಬಿಡಲಿಲ್ಲ. ‘ನಮ್ಮೂರ ಸ್ಟಡ್ ಫಾರ್ಮಲ್ಲಿ ಕುದುರೆ ಸಾಕ್ಸಿದೋರು ಸಾಲದಲ್ಲೇ ಅಲ್ವಾ ಮೆರೆದಿದ್ದು?’ ಎಂದರು. ಆ ಫಾರ್ಮ್ 1992ರಲ್ಲಿ ವಿಜಯ್ ಮಲ್ಯ ಅವರ ಕಂಪನಿಗೆ ಗುತ್ತಿಗೆಗೆ ಹೋಗಿತ್ತು. ನಾನು ಉಳಿದ ಕಥೆ ನೆನಪಿಸಿದೆ. 2012ರ ಅಕ್ಟೋಬರಿನಲ್ಲಿ ಅವರ ಕಿಂಗ್‌ಫಿಷರ್ ವಿಮಾನಗಳು ನಿಂತವು, ನೌಕರರಿಗೆ ಸಂಬಳ ಬಾಕಿ ಉಳಿಯಿತು. 2015ರ ಡಿಸೆಂಬರಿನಲ್ಲಿ ಗೋವಾದಲ್ಲಿ 60ನೇ ಹುಟ್ಟುಹಬ್ಬ ಅದ್ದೂರಿಯಾಗಿ ನಡೆಯಿತು. 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟರು. ಸಾಲ ಬಾಕಿ ಇಟ್ಟುಕೊಂಡವರ ಹಬ್ಬ ಸಾಲ ಕೊಟ್ಟವರಿಗೆ ಕಾಣದೆ ಇರುವುದಿಲ್ಲ. ಅಷ್ಟು ದೊಡ್ಡವರನ್ನೇ ಮೆರವಣಿಗೆ ಕಾಪಾಡಲಿಲ್ಲ, ಹಾರ್ಡ್‌ವೇರ್ ಅಂಗಡಿಯನ್ನು ಕಾಪಾಡೀತೇ?

ಹಾಗೆಂದು ಆಡಂಬರವೆಲ್ಲ ದಂಡ ಎನ್ನಲಾರೆ. ಗುಬ್ಬಿಯವರ ಊರಿನಲ್ಲೇ ಉದಾಹರಣೆ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಮುಂದೆ ದೊಡ್ಡದಾಗಿ ಬೆಳೆಸಿದ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅಷ್ಟು ಖರ್ಚು ಮಾಡಿದ ಆ ವೈಭವವನ್ನು ಜನ ಟಿಕೆಟ್ ಕೊಂಡು ನೋಡಿದರು. ನೋಡುವವರು ದುಡ್ಡು ಕೊಡುವುದಾದರೆ ಅದು ಬಂಡವಾಳ. ನಾವೇ ಹೋಳಿಗೆ ಊಟ ಹಾಕಿ, ತಾಂಬೂಲ ಕೊಟ್ಟು, ‘ಬನ್ನಿ, ನೋಡಿ’ ಎಂದು ಕರೆಯಬೇಕಾದರೆ ಅದು ಖರ್ಚು. ಹಾರ್ಡ್‌ವೇರ್ ಅಂಗಡಿಯ ಬೋರ್ಡು, ಬೆಳಕು, ಜೋಡಿಸಿಟ್ಟ ಸಾಮಾನು ಗಿರಾಕಿ ತರುತ್ತವೆ. ಅದಕ್ಕೆ ಧಾರಾಳವಾಗಿ ಸುರಿಯಲಿ. ಮನೆಯ ಎಲಿವೇಶನ್ ಒಂದು ಮೊಳೆಯನ್ನೂ ಮಾರಿಕೊಡುವುದಿಲ್ಲ.

ಜೊತೆಗೆ ಇಂಥ ಖರ್ಚು ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಕಾರು ನೋಡಿದ ಬಂಧುಗಳು ಮುಂದಿನ ಮದುವೆಯಲ್ಲಿ ಅದಕ್ಕೆ ತಕ್ಕ ಮುಯ್ಯಿ ನಿರೀಕ್ಷಿಸುತ್ತಾರೆ. ದೇವಸ್ಥಾನದ ಚಂದಾ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದಿನ ಅಂಕಿ ತಾನಾಗಿ ದೊಡ್ಡದಾಗುತ್ತದೆ. ಕೈಸಾಲ ಕೇಳುವವರು ನೇರ ನಿಮ್ಮ ಮನೆಗೇ ಬರುತ್ತಾರೆ. ಇಲ್ಲ ಎಂದರೆ ಜಿಪುಣ, ಕೊಟ್ಟರೆ ಖಾಲಿ.

ಇಬ್ಬರಿಗೂ ನಾನು ಹೇಳಿದ್ದು ಒಂದೇ. ತೋರಿಸಿಕೊಳ್ಳುವ ಆಸೆ ಸಹಜ, ಅದಕ್ಕೂ ವರ್ಷಕ್ಕಿಷ್ಟು ಎಂದು ಎತ್ತಿಡಿ. ಆದರೆ ಮೊದಲು ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ, ಆರೋಗ್ಯ ವಿಮೆ ಇರಲಿ, ಎಲ್ಲ ಕಂತು ಸೇರಿ ಆದಾಯದ ಮೂರನೇ ಒಂದನ್ನು ಮೀರದಿರಲಿ. ಆಮೇಲೂ ಉಳಿದರೆ ಆ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಅದರ ಸರಿಯಾದ ಹೆಸರಿನಲ್ಲೇ ಬರೆಯಿರಿ: ‘ವಾಹನ’ ಎಂದಲ್ಲ, ‘ಮನೆ ದುರಸ್ತಿ’ ಎಂದಲ್ಲ, ‘ಷಡ್ಡಕರ ಬಾಬ್ತು’ ಎಂದು. ಹಾಗೆ ಬರೆಯಲು ಕೈ ಹಿಂಜರಿದರೆ ಆ ಖರ್ಚು ಬೇಡ.