ಸಂತ್ರಸ್ತರ ಸಹಾಯನಿಧಿಗಳ ನಿರ್ವಹಣೆ: ಒಂದು ಅಧ್ಯಯನ

ಪ್ರತಿಯೊಂದು ಪಾವತಿಗೂ ವೋಚರ್ ಇರಬೇಕೆಂಬುದು ಲೆಕ್ಕಪತ್ರ ಶಾಸ್ತ್ರದ ಪ್ರಥಮ ಪಾಠ. ಕಿರ್ದಿಯಲ್ಲಿ ಬರೆದ ಮೊತ್ತಕ್ಕೆ ಬಿಲ್ಲು, ರಸೀದಿ ಇಲ್ಲವೇ ಸಹಿ ಮಾಡಿದ ಚೀಟಿ ಇಲ್ಲದಿದ್ದರೆ ಲೆಕ್ಕಪರಿಶೋಧಕರು ಅದನ್ನು ಒಪ್ಪುವುದಿಲ್ಲ. ಆದರೆ ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿದವರಿಗೆ, ಮನೆಯ ಮಗನನ್ನು ಸೈನಿಕರು ಕರೆದೊಯ್ದು ಮರಳಿ ಕಳುಹಿಸದ ಕುಟುಂಬಕ್ಕೆ ಅಂಥ ರಸೀದಿಯನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅವರಿಗೆಂದೇ ಸ್ಥಾಪಿತವಾದ ನಿಧಿಯು ಯಾವ ಆಧಾರದ ಮೇಲೆ ಹಣ ಕೊಡಬೇಕು, ಕೊಟ್ಟ ಹಣಕ್ಕೆ ದಾನಿಗಳ ಮುಂದೆ ಹೇಗೆ ಲೆಕ್ಕ ಒಪ್ಪಿಸಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಪುರಾವೆಯ ನಿಯಮ ಅತಿ ಬಿಗಿಯಾದರೆ ನಿಜವಾಗಿ ನೊಂದವರು ಹೊರಗುಳಿಯುತ್ತಾರೆ. ಅತಿ ಸಡಿಲವಾದರೆ ಸುಳ್ಳು ಅರ್ಜಿದಾರರು ಅವರ ಪಾಲನ್ನು ಒಯ್ಯುತ್ತಾರೆ. ಆಸ್ಪತ್ರೆ, ವಿದ್ಯಾರ್ಥಿನಿಲಯ, ಅನಾಥಾಲಯಗಳ ಆಡಳಿತ ಮಂಡಲಿಗಳಲ್ಲಿ ಧರ್ಮದರ್ಶಿಗಳಾಗಿರುವ ವರ್ತಕರು ಅನೇಕರಿರುವುದರಿಂದ, ಇಂಥ ನಿಧಿಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿವೆ ಎಂಬುದನ್ನು ಪರಿಶೀಲಿಸುವುದು ಉಪಯುಕ್ತ.

ವಿಶ್ವಸಂಸ್ಥೆಯ ಸ್ವಯಂಪ್ರೇರಿತ ನಿಧಿ

ಚಿತ್ರಹಿಂಸೆಗೆ ಒಳಗಾದವರಿಗಾಗಿ ವಿಶ್ವಸಂಸ್ಥೆಯ ಮಹಾಸಭೆಯು 1981ರ ಡಿಸೆಂಬರ್ 16ರಂದು ಒಂದು ಸ್ವಯಂಪ್ರೇರಿತ ನಿಧಿಯನ್ನು ಸ್ಥಾಪಿಸಿತು. ಚಿಲಿ ದೇಶದ ಸೈನಿಕ ಆಡಳಿತದಲ್ಲಿ ನೊಂದವರಿಗಾಗಿ 1978ರಲ್ಲಿ ಆರಂಭವಾಗಿದ್ದ ನಿಧಿಯ ವ್ಯಾಪ್ತಿಯನ್ನು ಎಲ್ಲ ದೇಶಗಳಿಗೂ ವಿಸ್ತರಿಸಿ ಇದನ್ನು ರೂಪಿಸಲಾಯಿತು. ಮಹಾಕಾರ್ಯದರ್ಶಿಯವರು ನೇಮಿಸುವ ಐವರು ಧರ್ಮದರ್ಶಿಗಳ ಮಂಡಲಿ ಇದಕ್ಕೆ ಸಲಹೆ ನೀಡುತ್ತದೆ. ಅವರು ಯಾವುದೇ ಸರಕಾರದ ಪ್ರತಿನಿಧಿಗಳಾಗಿರದೆ ವೈಯಕ್ತಿಕ ನೆಲೆಯಲ್ಲಿ ಕಾರ್ಯನಿರ್ವಹಿಸುತ್ತಾರೆ.

ಈ ನಿಧಿ ನೊಂದ ವ್ಯಕ್ತಿಯ ಕೈಗೆ ನೇರವಾಗಿ ಹಣ ಕೊಡುವುದಿಲ್ಲ. ವೈದ್ಯಕೀಯ, ಮಾನಸಿಕ, ಸಾಮಾಜಿಕ ಹಾಗೂ ಕಾನೂನು ನೆರವು ನೀಡುವ ಸಂಸ್ಥೆಗಳಿಗೆ ಅನುದಾನ ನೀಡುತ್ತದೆ. ಸಂಸ್ಥೆಗಳು ಅರ್ಜಿ ಸಲ್ಲಿಸಬೇಕು, ಹಿಂದಿನ ಅನುದಾನದ ಲೆಕ್ಕ ಹಾಗೂ ಕಾರ್ಯವರದಿ ಒಪ್ಪಿಸಬೇಕು. ಹೊಸ ಸಂಸ್ಥೆಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸುವ ಪದ್ಧತಿಯೂ ಇದೆ. ವರ್ಷದ ಅನುದಾನಕ್ಕೆ ಕಾಯಲಾಗದ ಸಂದರ್ಭಗಳಿಗೆ ತುರ್ತು ಅನುದಾನದ ಪ್ರತ್ಯೇಕ ದಾರಿ ತೆರೆದಿದೆ.

ವಿಶ್ವಸಂಸ್ಥೆಯ ನ್ಯಾಸ ನಿಧಿಗಳಿಗೆ ಅನ್ವಯಿಸುವ ಎರಡು ಸಾಮಾನ್ಯ ನಿಯಮಗಳು ವರ್ತಕರ ಗಮನಕ್ಕೆ ಅರ್ಹವಾಗಿವೆ. ವೆಚ್ಚದ ಮೇಲೆ ಶೇ. 13ರಷ್ಟನ್ನು ಆಡಳಿತ ಬೆಂಬಲ ವೆಚ್ಚವೆಂದು ತೆಗೆಯಲಾಗುತ್ತದೆ. ಜೊತೆಗೆ ಶೇ. 15ರಷ್ಟು ನಗದನ್ನು ಮೀಸಲಾಗಿ ಕಾಯ್ದಿರಿಸಬೇಕು. ಬರಲಿರುವ ವಂತಿಗೆಯನ್ನು ನಂಬಿ ಅನುದಾನ ಮಂಜೂರು ಮಾಡುವುದಕ್ಕೆ ಇಲ್ಲಿ ಅವಕಾಶ ಬಹಳ ಕಡಿಮೆ. ವಂತಿಗೆಯೆಲ್ಲ ಸ್ವಯಂಪ್ರೇರಿತ, ಒಂದು ಸರಕಾರ ಈ ವರ್ಷ ಕೊಟ್ಟದ್ದನ್ನು ಮುಂದಿನ ವರ್ಷ ಕೊಡಲೇಬೇಕೆಂದಿಲ್ಲ. ಅನೇಕ ವರ್ಷಗಳ ಕಾಲ ಅಮೆರಿಕವೇ ಈ ನಿಧಿಯ ಅತಿ ದೊಡ್ಡ ದಾನಿಯಾಗಿತ್ತು. ಒಬ್ಬನೇ ಗಿರಾಕಿಯನ್ನು ನೆಚ್ಚಿ ಕಾರ್ಖಾನೆ ನಡೆಸುವವರಿಗೆ ಈ ಸ್ಥಿತಿಯ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರಹಿಂಸೆಯ ಗಾಯ ಮಾಯಲು ವರ್ಷಗಟ್ಟಲೆ ಬೇಕು, ಅನುದಾನವಾದರೋ ವರ್ಷಕ್ಕೊಮ್ಮೆ ನವೀಕರಣಗೊಳ್ಳುವಂಥದು. ನಡುವೆ ಅನುದಾನ ನಿಂತರೆ ಚಿಕಿತ್ಸೆಯೂ ನಿಲ್ಲುತ್ತದೆ. ಆದುದರಿಂದ ಮೀಸಲು ನಗದನ್ನು ಖರ್ಚಾಗದೆ ಉಳಿದ ಹಣವೆಂದು ಆಕ್ಷೇಪಿಸುವುದು ಸರಿಯಲ್ಲ.

ಇನ್ನು ವೋಚರಿನ ಪ್ರಶ್ನೆ. ಸಂಸ್ಥೆಯು ಪಡೆದ ಅನುದಾನದ ಹೆಚ್ಚಿನ ಭಾಗ ವೈದ್ಯರು, ಮನೋಚಿಕಿತ್ಸಕರು ಹಾಗೂ ವಕೀಲರ ಸಂಬಳಕ್ಕೆ ಹೋಗುವುದು ಸಹಜ. ಈ ಸಂಬಳದ ರಸೀದಿ ಒದಗಿಸುವುದು ಕಷ್ಟವಲ್ಲ. ಆದರೆ ಚಿಕಿತ್ಸೆ ಪಡೆದವರು ನಿಜವಾಗಿ ಇದ್ದಾರೆಯೇ ಎಂಬುದಕ್ಕೆ ಹೆಸರು, ಊರು, ಸಹಿ ಇರುವ ಪಟ್ಟಿ ಕೇಳಿದರೆ, ಆ ಪಟ್ಟಿಯೇ ಅವರಿಗೆ ಕುತ್ತಾಗಬಹುದು. ಅನೇಕ ದೇಶಗಳಲ್ಲಿ ಹಿಂಸಿಸಿದವರು ಈಗಲೂ ಅಧಿಕಾರದಲ್ಲಿದ್ದಾರೆ. ಆದುದರಿಂದ ಕಡತಗಳಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸುವುದು ಇಂಥ ಸಂಸ್ಥೆಗಳಲ್ಲಿ ರೂಢಿ. ಹೆಸರು ಹಾಗೂ ಸಂಖ್ಯೆಯನ್ನು ಜೋಡಿಸುವ ಪುಸ್ತಕ ಬೇರೆಡೆ, ಬೀಗದೊಳಗೆ ಇರುತ್ತದೆ. ಲೆಕ್ಕಪರಿಶೋಧಕರು ಗೋಪ್ಯತೆಗೆ ಬದ್ಧರಾಗಿ ಕೆಲವೇ ಕಡತಗಳನ್ನು ಸ್ಥಳದಲ್ಲಿ ಪರೀಕ್ಷಿಸುತ್ತಾರೆ. ಪ್ರತಿ ತೆಗೆದುಕೊಂಡು ಹೋಗುವುದಿಲ್ಲ. ಫಲಾನುಭವಿಗಳ ಭಾವಚಿತ್ರಗಳನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವ ನಮ್ಮ ಧರ್ಮಸಂಸ್ಥೆಗಳ ಉತ್ಸಾಹಕ್ಕೆ ಇದು ತೀರ ವಿರುದ್ಧವಾದ ರೀತಿ.

ನಮ್ಮ ದೇಶದ ಸಂಸ್ಥೆಗಳ ವಿಷಯದಲ್ಲಿ ಒಂದು ಕಾನೂನಿನ ಅಂಶವನ್ನು ಇಲ್ಲಿಯೇ ಹೇಳಬಹುದು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ವಿಶ್ವಸಂಸ್ಥೆಯು ‘ವಿದೇಶಿ ಮೂಲ’ದ ವ್ಯಾಖ್ಯೆಯಿಂದ ಹೊರಗಿದೆ. ಇತರ ವಿದೇಶಿ ದಾನಿಗಳ ಹಣಕ್ಕೆ ನೋಂದಣಿ ಅಥವಾ ಪೂರ್ವಾನುಮತಿ ಅಗತ್ಯ. 2020ರ ತಿದ್ದುಪಡಿಯ ನಂತರ ಆ ಹಣ ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20ನ್ನು ಮೀರಬಾರದು, ಮತ್ತೊಂದು ಸಂಸ್ಥೆಗೆ ವರ್ಗಾಯಿಸಲೂ ಬಾರದು. ಆಸ್ಪತ್ರೆಯ ವೈದ್ಯರ ಹಾಗೂ ಶಾಲೆಯ ಶಿಕ್ಷಕರ ಸಂಬಳವನ್ನು ಆಡಳಿತ ವೆಚ್ಚವೆಂದು ಎಣಿಸಕೂಡದೆಂದು ನಿಯಮಗಳಲ್ಲಿಯೇ ಹೇಳಿದೆ. ಈ ವರ್ಗೀಕರಣವನ್ನು ವರ್ಷಾರಂಭದಲ್ಲಿಯೇ ಲೆಕ್ಕಪರಿಶೋಧಕರೊಡನೆ ನಿಶ್ಚಯಿಸಿಕೊಳ್ಳದ ಧರ್ಮದರ್ಶಿಗಳು ವರ್ಷಾಂತ್ಯದಲ್ಲಿ ಪೇಚಿಗೆ ಸಿಲುಕುತ್ತಾರೆ.

ಫಿಲಿಪ್ಪೀನ್ಸಿನ ಅಂಕ ಪದ್ಧತಿ

ಸಂಸ್ಥೆಗಳ ಮೂಲಕ ನೆರವು ನೀಡುವುದು ಒಂದು ಬಗೆ. ನೊಂದವರಿಗೇ ನಿಶ್ಚಿತ ಮೊತ್ತವನ್ನು ಹಂಚುವುದು ಮತ್ತೊಂದು. ಎರಡನೆಯದರ ಕಷ್ಟಗಳನ್ನು ಫಿಲಿಪ್ಪೀನ್ಸಿನಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಪರೂಪ. 1972ರಲ್ಲಿ ಸೈನಿಕ ಶಾಸನ ಘೋಷಿಸಿದ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ 1986ರ ಫೆಬ್ರವರಿಯಲ್ಲಿ ಪದಚ್ಯುತರಾದರು. ಅವರು ಸ್ವಿಸ್ ಬ್ಯಾಂಕುಗಳಲ್ಲಿ ಇರಿಸಿದ್ದ ಅಕ್ರಮ ಹಣವನ್ನು ದೀರ್ಘ ವ್ಯಾಜ್ಯದ ನಂತರ ಮರಳಿ ಪಡೆಯಲಾಯಿತು. ಮಾರ್ಕೋಸ್ ಆಡಳಿತದಲ್ಲಿ ನೊಂದವರಿಗಾಗಿ ಇದರಲ್ಲಿ 1,000 ಕೋಟಿ ಪೆಸೊಗಳನ್ನು 2013ರ ಫೆಬ್ರವರಿ 25ರಂದು ಅಂಗೀಕೃತವಾದ ಕಾಯಿದೆಯು ಮೀಸಲಿರಿಸಿತು.

ಹಣ ನಿಶ್ಚಿತ, ಅರ್ಜಿದಾರರ ಸಂಖ್ಯೆ ಅನಿಶ್ಚಿತ. ದಿವಾಳಿಯಾದ ಸಂಸ್ಥೆಯ ಆಸ್ತಿಯನ್ನು ಸಾಲಿಗರಿಗೆ ಹಂಚುವಾಗ ಎದುರಾಗುವ ಸಮಸ್ಯೆಯೇ ಇದು. ಕಾಯಿದೆಯು ಅಂಕಗಳ ಪದ್ಧತಿಯನ್ನು ಅನುಸರಿಸಿತು. ಕೊಲ್ಲಲ್ಪಟ್ಟವರು ಹಾಗೂ ಕಣ್ಮರೆಯಾದವರಿಗೆ 10 ಅಂಕ. ಚಿತ್ರಹಿಂಸೆ, ಅತ್ಯಾಚಾರಕ್ಕೆ ಒಳಗಾದವರಿಗೆ 6ರಿಂದ 9. ಬಂಧನದಲ್ಲಿದ್ದವರಿಗೆ 3ರಿಂದ 5. ಉಳಿದ ಉಲ್ಲಂಘನೆಗಳಿಗೆ 1 ಅಥವಾ 2. ಒಟ್ಟು ಮೊತ್ತವನ್ನು ಎಲ್ಲರ ಅಂಕಗಳ ಮೊತ್ತದಿಂದ ಭಾಗಿಸಿದರೆ ಒಂದು ಅಂಕದ ಬೆಲೆ ದೊರೆಯುತ್ತದೆ. 75,000ಕ್ಕೂ ಹೆಚ್ಚು ಅರ್ಜಿಗಳು ಬಂದವು. ಅಂತಿಮವಾಗಿ ಅಂಗೀಕೃತರಾದವರು 11,103 ಮಂದಿ. ಒಂದು ಅಂಕಕ್ಕೆ 1,76,779 ಪೆಸೊ ನಿಗದಿಯಾಯಿತು. ಮಗನನ್ನು ಕಳೆದುಕೊಂಡ ಮನೆಗೆ ಅದರ ಹತ್ತರಷ್ಟು.

ನೋವನ್ನು ಅಂಕಗಳಲ್ಲಿ ಅಳೆಯುವುದು ಕ್ರೂರವೆನಿಸಬಹುದು. ಒಬ್ಬರ ಚಿತ್ರಹಿಂಸೆಗೆ 6, ಮತ್ತೊಬ್ಬರದಕ್ಕೆ 9 ಎಂದು ನಿರ್ಣಯಿಸಬೇಕಾದ ಮಂಡಲಿಯ ಸದಸ್ಯರ ಸ್ಥಿತಿಯೂ ಸುಖದ್ದಾಗಿರಲಾರದು. ಆದರೂ ಅಳತೆಗೋಲನ್ನು ಮೊದಲೇ ಕಾಯಿದೆಯಲ್ಲಿ ಬರೆದಿಟ್ಟದ್ದರಿಂದ, ಪರಿಚಯಸ್ಥರಿಗೆ ಹೆಚ್ಚು, ದೂರದವರಿಗೆ ಕಡಿಮೆ ಎಂಬ ಆರೋಪಕ್ಕೆ ಎಡೆ ಕಡಿಮೆಯಾಯಿತು. ಪುರಾವೆಯ ವಿಷಯದಲ್ಲಿಯೂ ಒಂದು ಜಾಣ್ಮೆಯ ಕ್ರಮವಿತ್ತು. ಅಮೆರಿಕದ ಹವಾಯಿ ನ್ಯಾಯಾಲಯದಲ್ಲಿ ಮಾರ್ಕೋಸ್ ವಿರುದ್ಧ ನಡೆದ ಸಾಮೂಹಿಕ ದಾವೆಯಲ್ಲಿ ಗೆದ್ದವರನ್ನು ಮತ್ತೆ ಪುರಾವೆ ಕೇಳದೆ ಸಂತ್ರಸ್ತರೆಂದೇ ಭಾವಿಸಬೇಕೆಂದು ಕಾಯಿದೆ ವಿಧಿಸಿತು. ಒಮ್ಮೆ ಒಂದು ನ್ಯಾಯಪೀಠದ ಮುಂದೆ ಹೇಳಿಕೊಂಡ ನೋವನ್ನು ಮತ್ತೊಂದು ಕಚೇರಿಯ ಮುಂದೆ ಪುನಃ ಹೇಳಿಸುವ ಶಿಕ್ಷೆ ಅವರಿಗೆ ತಪ್ಪಿತು.

ಈ ಪದ್ಧತಿಯ ದೊಡ್ಡ ದೋಷ ವಿಳಂಬ. ಕೊನೆಯ ಅರ್ಜಿ ತೀರ್ಮಾನವಾಗುವ ತನಕ ಒಂದು ಅಂಕದ ಬೆಲೆ ಗೊತ್ತಾಗುವುದಿಲ್ಲ. ಬೆಲೆ ಗೊತ್ತಾಗದೆ ಯಾರಿಗೂ ಪೂರ್ಣ ಪಾವತಿ ಸಾಧ್ಯವಿಲ್ಲ. ಎರಡು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಮಂಡಲಿಯ ಅವಧಿಯನ್ನು 2018ರ ಮೇ 12ರವರೆಗೆ ವಿಸ್ತರಿಸಬೇಕಾಯಿತು. 1970ರ ದಶಕದಲ್ಲಿ ಬಂಧಿತರಾಗಿದ್ದ ಯುವಕರು ಅಷ್ಟರಲ್ಲಿ ವೃದ್ಧರಾಗಿದ್ದರು. ಈ ತೊಡಕಿಗೆ ಕಂಡುಕೊಂಡ ಪರಿಹಾರವೆಂದರೆ ಮುಂಗಡ: 2017ರಲ್ಲಿ 4,000 ಮಂದಿಗೆ ಅಂದಾಜು ಮೊತ್ತದ ಅರ್ಧದಷ್ಟನ್ನು ಸರಕಾರಿ ಬ್ಯಾಂಕಿನ ಮೂಲಕ ಪಾವತಿ ಮಾಡಿ, ಉಳಿದುದನ್ನು ಅಂತಿಮ ಲೆಕ್ಕಕ್ಕೆ ಬಿಡಲಾಯಿತು. ಅಂದಾಜು ಹೆಚ್ಚಾಗಿದ್ದರೆ ವಸೂಲಿ ಮಾಡುವುದು ಅಸಾಧ್ಯವಾದುದರಿಂದ ಅರ್ಧಕ್ಕೆ ನಿಲ್ಲಿಸಿದ್ದು ವಿವೇಕದ ಕ್ರಮ.

ಮತ್ತೊಂದು ಅಂಶ ಗಮನಾರ್ಹ. ವಿಶ್ವಸಂಸ್ಥೆಯ ನಿಧಿಯಲ್ಲಿ ಹೆಸರು ಬೀಗದೊಳಗಿದ್ದರೆ, ಇಲ್ಲಿ ಅಂಗೀಕೃತರ ಹೆಸರುಗಳ ಸಾರ್ವಜನಿಕ ಪಟ್ಟಿಯೊಂದನ್ನು ಕಾಯಿದೆಯೇ ವಿಧಿಸಿತು, ಸ್ಮಾರಕಕ್ಕೂ ಹಣ ಮೀಸಲಿಟ್ಟಿತು. ಅಪಾಯ ಕಳೆದ ಮೇಲೆ ಹೆಸರು ಬರೆಯುವುದೇ ಪರಿಹಾರದ ಒಂದು ಭಾಗವಾಗುತ್ತದೆ. ಗೋಪ್ಯತೆ ಬೇಕೇ ಬೇಡವೇ ಎಂಬುದನ್ನು ನಿಧಿಯ ಅನುಕೂಲದಿಂದ ನಿರ್ಣಯಿಸಲಾಗದು, ನೊಂದವರ ಸ್ಥಿತಿಯಿಂದ ನಿರ್ಣಯಿಸಬೇಕು.

ಹಣವಿಲ್ಲದ ನಿಧಿ

ಆಫ್ರಿಕದ ಚಾಡ್ ದೇಶದ ಮಾಜಿ ಅಧ್ಯಕ್ಷ ಹಿಸೇನ್ ಹಬ್ರೆ ಅವರಿಗೆ ಸೆನೆಗಲ್‌ನ ಡಾಕಾರ್ ನಗರದಲ್ಲಿ ನಡೆದ ವಿಶೇಷ ನ್ಯಾಯಾಲಯವು 2016ರಲ್ಲಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಪೀಠವು 2017ರ ಏಪ್ರಿಲ್‌ನಲ್ಲಿ 7,396 ಸಂತ್ರಸ್ತರಿಗೆ ಸುಮಾರು 8,200 ಕೋಟಿ ಸಿಎಫ್‌ಎ ಫ್ರಾಂಕ್ ಪರಿಹಾರವನ್ನು ನಿಗದಿಪಡಿಸಿ, ಅದರ ವಸೂಲಿ ಹಾಗೂ ವಿತರಣೆಯನ್ನು ಒಂದು ನ್ಯಾಸ ನಿಧಿಗೆ ಒಪ್ಪಿಸಿತು. ನಿಧಿಯ ಹೆಸರಿತ್ತು, ಹೊಣೆಗಾರಿಕೆ ಇತ್ತು, ಫಲಾನುಭವಿಗಳ ಸಂಖ್ಯೆಯೂ ಇತ್ತು. ಜಮೆಯ ಕಡೆ ಬರೆಯಲು ಏನೂ ಇರಲಿಲ್ಲ. ಹಬ್ರೆ 2021ರಲ್ಲಿ ನಿಧನರಾದರು. 2024ರ ಫೆಬ್ರವರಿಯಲ್ಲಿ ಚಾಡ್ ಸರಕಾರವು ತಾನಾಗಿ 1,000 ಕೋಟಿ ಫ್ರಾಂಕ್‌ಗಳ ವಿತರಣೆಯನ್ನು ಆರಂಭಿಸುವವರೆಗೆ ಸಂತ್ರಸ್ತರಿಗೆ ಏನೂ ದೊರೆತಿರಲಿಲ್ಲ. ಫಿಲಿಪ್ಪೀನ್ಸ್ ಮೊದಲು ಹಣವನ್ನು ಕೈವಶ ಮಾಡಿಕೊಂಡು ನಂತರ ಕಾಯಿದೆ ಮಾಡಿತು. ಇಲ್ಲಿ ಆ ಕ್ರಮ ತಲೆಕೆಳಗಾಗಿತ್ತು.

ಜೀತವಿಮುಕ್ತರ ಪುನರ್ವಸತಿ ನಿಧಿ

ನಮ್ಮ ವರ್ತಕರಿಗೂ ಸಣ್ಣ ಕೈಗಾರಿಕೆಗಳಿಗೂ ಹೆಚ್ಚು ಹತ್ತಿರದ ಉದಾಹರಣೆ ಜೀತ ಕಾರ್ಮಿಕರ ಪುನರ್ವಸತಿ ಯೋಜನೆ. ಮುಂಗಡ ಕೊಟ್ಟು ಕೂಲಿಯವರನ್ನು ಕರೆತರುವ ಇಟ್ಟಿಗೆ ಗೂಡು, ಕಲ್ಲು ಗಣಿಗಳಂಥ ಉದ್ಯಮಗಳಲ್ಲಿ, ಆ ಮುಂಗಡ ತೀರುವ ತನಕ ಕೂಲಿಯವರು ಬಿಟ್ಟುಹೋಗದಂತೆ ತಡೆದರೆ ಅದು 1976ರ ಜೀತಪದ್ಧತಿ ರದ್ದತಿ ಕಾಯಿದೆಯ ಕೆಳಗೆ ಶಿಕ್ಷಾರ್ಹ ಅಪರಾಧ. ಹೀಗೆ ಬಿಡುಗಡೆಯಾದವರಿಗೆ 2016ರ ಕೇಂದ್ರ ಯೋಜನೆಯು ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಹಾಗೂ ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿಗಳನ್ನು ನಿಗದಿಪಡಿಸಿತು. 2 ಲಕ್ಷದಲ್ಲಿ 1.25 ಲಕ್ಷವನ್ನು ವರ್ಷಾಶನ ಠೇವಣಿಯಲ್ಲಿರಿಸಿ 75,000 ರೂಪಾಯಿಗಳನ್ನು ಮಾತ್ರ ಖಾತೆಗೆ ಜಮೆ ಮಾಡುವ ಏರ್ಪಾಡಿದೆ. ಹಳೆಯ ಸಾಲಿಗರು ಬಾಗಿಲಲ್ಲಿ ಕಾದಿರುತ್ತಾರೆಂಬ ಅರಿವು ಇದರ ಹಿಂದೆ ಇರಬೇಕು. ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 10 ಲಕ್ಷ ರೂಪಾಯಿಗಳ ಶಾಶ್ವತ ನಿಧಿಯನ್ನು ಇರಿಸಬೇಕೆಂದೂ ಯೋಜನೆ ಹೇಳುತ್ತದೆ. ಕೇಂದ್ರದ ಮಂಜೂರಾತಿ ಬರುವವರೆಗೆ ಬಿಡುಗಡೆಯಾದ ಕುಟುಂಬ ಉಪವಾಸ ಬೀಳದಿರಲೆಂದೇ ಈ ವ್ಯವಸ್ಥೆ.

ಆದರೆ ಇಲ್ಲಿಯ ವೋಚರ್ ಯಾವುದು? 2016ರ ಯೋಜನೆಯು ಪೂರ್ಣ ಪರಿಹಾರವನ್ನು ಆರೋಪಿಯ ಶಿಕ್ಷೆಗೆ ಗಂಟು ಹಾಕಿತು. ಅಂದರೆ ಕಾರ್ಮಿಕನ ಕೈಗೆ ಹಣ ಬರಬೇಕಾದರೆ ಅವನನ್ನು ದುಡಿಸಿಕೊಂಡ ಮಾಲೀಕನ ಮೇಲೆ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಬೇಕು. ಮೊಕದ್ದಮೆ ಎಷ್ಟು ವರ್ಷ ನಡೆಯುವುದೆಂಬುದು ಕಾರ್ಮಿಕನ ಕೈಯಲ್ಲಿಲ್ಲ, ಸಾಕ್ಷಿಗಳು ನಿಲ್ಲುವುದೂ ಅವನ ಕೈಯಲ್ಲಿಲ್ಲ. ಸುಳ್ಳು ಅರ್ಜಿ ತಡೆಯುವ ಉದ್ದೇಶ ಸಾಧುವಾದರೂ, ಪುರಾವೆಯ ಭಾರವನ್ನು ಹೊರಲು ಅತ್ಯಂತ ಅಶಕ್ತನಾದವನ ಹೆಗಲಿಗೆ ಹೊರಿಸಿದಂತಾಯಿತು. ನಂತರದ ಪರಿಷ್ಕರಣೆಗಳು ಇದನ್ನು ಕೊಂಚ ಸಡಿಲಿಸಿವೆ. ಮೊಕದ್ದಮೆಯ ಸ್ಥಿತಿ ಏನೇ ಇರಲಿ, ಬಿಡುಗಡೆಯಾದೊಡನೆ 30,000 ರೂಪಾಯಿಗಳವರೆಗೆ ತಕ್ಷಣದ ನೆರವು ನೀಡಬಹುದು. ವಿಚಾರಣೆ ಮುಗಿಯದಿದ್ದರೂ ಜಿಲ್ಲಾಡಳಿತಕ್ಕೆ ಮೇಲ್ನೋಟಕ್ಕೆ ಜೀತವೆಂದು ಕಂಡುಬಂದಲ್ಲಿ ಪ್ರಸ್ತಾವವನ್ನು ತಡೆಹಿಡಿಯಕೂಡದು. ಅಂತಿಮ ಪಾವತಿ ಮಾತ್ರ ಇಂದಿಗೂ ನ್ಯಾಯಾಂಗ ಪ್ರಕ್ರಿಯೆಯನ್ನೇ ಅವಲಂಬಿಸಿದೆ. ಆ ಅಂತರದಲ್ಲಿ 30,000 ರೂಪಾಯಿ ಕರಗಿದ ಕುಟುಂಬಕ್ಕೆ ಮತ್ತೆ ಮುಂಗಡ ಕೊಡಲು ಸಿದ್ಧನಾದ ಮೇಸ್ತ್ರಿ ಮುಂದಿನ ಹಂಗಾಮಿನ ಹೊತ್ತಿಗೆ ಊರಿಗೆ ಬಂದೇ ಬರುತ್ತಾನೆ.